ತೂಗದೆ ಬರೆದ ಒಂದು ಚೀಟಿ

ಮೈಸೂರಿನ ಒಂದು ಒಣ ಕಸ ವಿಂಗಡಣೆ ಘಟಕದಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ವಾರ್ಡುಗಳಿಂದ ಆಟೋಗಳು ಬರುತ್ತವೆ. ಹೆಂಗಸರು ಕೂತು ಆಯುತ್ತಾರೆ. ಆಯ್ದದ್ದನ್ನು ನಾನು ತೂಗಿ ಬರೆದುಕೊಳ್ಳುತ್ತೇನೆ. ಬೆಲೆ ಕಟ್ಟಿ ಪರಿಸರ ಉಳಿಸುವುದು ಅಂದರೆ ಏನು ಅಂತ ನನಗೆ ಅರ್ಥವಾದದ್ದು ಈ ತಕ್ಕಡಿಯ ಮುಂದೆ.

ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ. ರಟ್ಟಿಗೆ, ಹಾಲಿನ ಕವರಿಗೆ, ಹಳೇ ಪೇಪರಿಗೂ ಇದೆ. ಅವು ರಸ್ತೆಯಲ್ಲಿ ಜಾಸ್ತಿ ಹೊತ್ತು ಬಿದ್ದಿರುವುದಿಲ್ಲ, ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಚಿಪ್ಸ್, ಬಿಸ್ಕತ್ತು, ಶಾಂಪೂ ಪೊಟ್ಟಣಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಹಲವು ಪದರ ಅಂಟಿಸಿ ಮಾಡಿದ್ದರಿಂದ ಅವನ್ನು ಕರಗಿಸಿ ಮತ್ತೆ ಬಳಸುವುದು ಕಷ್ಟ. ತೂಕವೂ ಇಲ್ಲ. ನೀರಿನ ಬಾಟಲಿ 40-50 ಆದರೆ ಒಂದು ಕಿಲೋ. ಈ ಪೊಟ್ಟಣ ಒಂದು ಕಿಲೋ ಆಗಬೇಕಾದರೆ ನೂರಾರು ಆಯಬೇಕು. ನಮ್ಮಲ್ಲೂ ಮೊದಲು ಅದೆಲ್ಲ ರಿಜೆಕ್ಟ್ ಚೀಲ ಸೇರಿ ಕಸದ ಗುಡ್ಡಕ್ಕೆ ಹೋಗುತ್ತಿತ್ತು. ಆ ಗುಡ್ಡ ಅಂದರೆ ಏನು ಅಂತ ವಿದ್ಯಾರಣ್ಯಪುರಂನ ಸೂಯೆಜ್ ಫಾರಂ ಪಕ್ಕದಲ್ಲಿ ಮನೆ ಇರುವವರನ್ನು ಕೇಳಿ.

2022ರ ಫೆಬ್ರವರಿಯಲ್ಲಿ ಕೇಂದ್ರದ ಹೊಸ ನಿಯಮ ಬಂತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾಲು ಮಾರುವ ಕಂಪನಿ, ತಾನು ಹೊರಗೆ ಬಿಟ್ಟ ಪ್ಲಾಸ್ಟಿಕ್ಕಿಗೆ ಲೆಕ್ಕ ಕೊಡಬೇಕು. ಕಂಪನಿಯವರೇ ಬಂದು ಆಯಬೇಕಿಲ್ಲ, ನೋಂದಣಿಯಾದ ರೀಸೈಕ್ಲರ್‌ಗಳಿಂದ, ಅಂದರೆ ಪ್ಲಾಸ್ಟಿಕ್ ಮರುಬಳಕೆ ಮಾಡುವವರಿಂದ, ಇಷ್ಟು ಪ್ಲಾಸ್ಟಿಕ್ ಮರುಬಳಕೆ ಆಯಿತು ಅನ್ನುವ ಸರ್ಟಿಫಿಕೇಟ್ ಕೊಳ್ಳಬಹುದು. ಮರುಬಳಕೆ ಆಗದ್ದು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋದರೂ ಲೆಕ್ಕಕ್ಕೆ ಬರುತ್ತೆ. ಗುರಿ ಮುಟ್ಟದಿದ್ದರೆ ಪರಿಹಾರದ ದುಡ್ಡು ಕಟ್ಟಬೇಕು. ಇಪಿಆರ್ ಅಂತ ನಾವು ಕರೆಯೋದು ಇದನ್ನೇ. ಯಾರಿಗೂ ಬೇಡವಾಗಿದ್ದ ಪೊಟ್ಟಣಕ್ಕೂ ಒಂದು ಬೆಲೆ ಬಂತು.

ಒಬ್ಬ ಖರೀದಿದಾರರು ನಮ್ಮಲ್ಲಿಗೂ ಬಂದರು. ನಾನು ಖುಷಿಯಿಂದ ಹೋಗಿ, "ಇವತ್ತಿಂದ ಪೊಟ್ಟಣಾನೂ ಬೇರೆ ಮಾಡ್ರಮ್ಮ" ಅಂದೆ. ಎರಡು ವಾರವಾದರೂ ಒಂದು ಚೀಲ ತುಂಬಲಿಲ್ಲ. ಸೋಮಾರಿತನ ಅಂದುಕೊಂಡೆ. ಅದು ನನ್ನ ತಪ್ಪು ಲೆಕ್ಕ. ಅವರದು ದಿನಗೂಲಿ. ಕೆಲಸ ಜಾಸ್ತಿ ಆಯಿತು, ಕೂಲಿ ಅಷ್ಟೇ ಇತ್ತು. ಬೆಲೆ ಬಂದದ್ದು ನಮ್ಮ ಆಫೀಸಿನ ಮೇಜಿಗೆ, ಅವರ ಕೈಗಲ್ಲ. ಕೊನೆಗೆ ಕಿಲೋಗೆ 2 ರೂಪಾಯಿ ಆಯುವವರಿಗೆ, ಪ್ರತಿ ಶನಿವಾರ ಕೈಗೇ, ಅಂತ ತೀರ್ಮಾನ ಮಾಡಿಸಿದೆ. ತಿಂಗಳೊಳಗೆ ಶೆಡ್ಡಿನ ಒಂದು ಮೂಲೆ ಪೂರ್ತಿ ಚೀಲ.

ಇನ್ನು ಆ ಚೀಟಿಯ ವಿಷಯ. ಮಾರ್ಚ್ ಕೊನೆಯಲ್ಲಿ ಖರೀದಿದಾರರ ಕಡೆಯವರು ಲಾರಿ ತಂದರು. ವರ್ಷದ ಲೆಕ್ಕ ಮುಗಿಸುವ ಅವಸರ. ನಮ್ಮ ಚೀಟಿಯಲ್ಲಿ ತೂಕ ಜಾಸ್ತಿ ಇದ್ದಷ್ಟೂ ಅವರ ಲೆಕ್ಕಕ್ಕೆ ಅನುಕೂಲ. "ತೂಕ ಸ್ವಲ್ಪ ಜಾಸ್ತಿ ಬರ್ಕೊಡಿ, ಅಷ್ಟಕ್ಕೂ ದುಡ್ಡು ಕೊಡ್ತೀವಿ" ಅಂದರು. ನಾನು ಬರೆದುಕೊಟ್ಟೆ. ಇದರಿಂದ ಯಾರಿಗೆ ನಷ್ಟ ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಚೀಲ ಎಣಿಸಿ ಗಾಡಿಗೆ ಹಾಕಿಸಿದ್ದ ಹಿರಿಯ ಹೆಂಗಸು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತೆ. "ಚೀಟಿಲಿರೋ ತೂಕಕ್ಕೆ ನಮ್ ದುಡ್ಡು ಕೊಡ್ತೀಯೇನಪ್ಪಾ?" ಅಂದರು. ನಾನು ತಡವರಿಸಿದೆ. "ಬರೀ ಬರೆದ್ರೇ ದುಡ್ಡು ಬರೋ ಹಂಗಿದ್ರೆ, ನಾವ್ಯಾಕ್ ಕೂತ್ಕೊಂಡು ಆಯ್ಬೇಕು?"

ಅವರು ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ರಾತ್ರಿ ನಿದ್ದೆ ಬರಲಿಲ್ಲ. ನಾನು ಸುಮ್ನೆ ಬರೆದ ಒಂದೊಂದು ಕಿಲೋಗೂ ಎಲ್ಲೋ ಒಂದು ಕಿಲೋ ಪೊಟ್ಟಣ ಚರಂಡಿಯಲ್ಲೇ ಉಳಿಯುತ್ತೆ, ಅಲ್ವಾ? ಕಾಗದ ಅಗ್ಗಕ್ಕೆ ಸಿಕ್ಕರೆ ನಿಜವಾಗಿ ಆಯ್ದ ಮಾಲಿಗೆ ಬೆಲೆ ಕೊಡುವವರು ಯಾರು? ಮಾರನೇ ದಿನ ಫೋನ್ ಮಾಡಿ, ಚೀಟಿ ರದ್ದು ಮಾಡಿಸಿ, ತೂಗಿದ್ದಷ್ಟಕ್ಕೆ ಬೇರೆ ಬರೆದುಕೊಟ್ಟೆ. ಆ ಖರೀದಿದಾರರು ಮತ್ತೆ ಬರಲಿಲ್ಲ. ಹೊಸಬರು ಸಿಗೋವರೆಗೆ ಶನಿವಾರದ ದುಡ್ಡೂ ಇರಲಿಲ್ಲ. ಅದನ್ನು ಆ ಹೆಂಗಸರಿಗೆ ಹೇಳುವಾಗ ತುಂಬಾ ಕಷ್ಟವಾಯಿತು.

2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಕೆಲವು ರೀಸೈಕ್ಲರ್‌ಗಳ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕ ಸುದ್ದಿ ಓದಿದೆ. ನನ್ನ ಚೀಟಿಯೇ ಕಣ್ಣ ಮುಂದೆ ಬಂತು.

ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನೀಲಗಿರಿ. ಅಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡುತ್ತಾರೆ. ಕಾಡಿನಲ್ಲಿ ಒಡೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿತ್ತು, ಹೈಕೋರ್ಟ್ ಹೇಳಿದ ಮೇಲೆ ಶುರುವಾದದ್ದು. ಅಲ್ಲಿ ಚೀಟಿಯ ಹಂಗು ಕಡಿಮೆ. ಬಾಟಲಿ ಕೊಟ್ಟರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಪೊಟ್ಟಣಕ್ಕೆ ಹಾಗೆ ಮಾಡುವುದು ಸುಲಭವಲ್ಲ. ಆದರೆ ಸರ್ಟಿಫಿಕೇಟಿನ ದುಡ್ಡಿನಲ್ಲಿ ಆಯುವವರ ಪಾಲು ಎಷ್ಟು ಅಂತ ಈ ಲೆಕ್ಕ ಇಡುವ ಸರ್ಕಾರಿ ಪೋರ್ಟಲಿನಲ್ಲೇ ತೋರಿಸುವ ನಿಯಮ ಬರಬೇಕು ಅಂತ ನನ್ನ ಆಸೆ.

ಈಗ ನಮ್ಮಲ್ಲಿ ಇಬ್ಬರು ಹೆಂಗಸರ ಎದುರಿಗೆ ತೂಕ. ಅಂಕಿ ಮೊದಲು ಗೋಡೆಯ ಬೋರ್ಡಿಗೆ, ಆಮೇಲೆ ಚೀಟಿಗೆ. ಮಳೆಗಾಲದಲ್ಲಿ ಮಾತ್ರ ಪರದಾಟ. ಒದ್ದೆ ಮಾಲನ್ನು ತೂಗುವ ಹಾಗಿಲ್ಲ, ಒಣಗಿಸಲು ಜಾಗವಿಲ್ಲ. ಶೆಡ್ಡಿನ ಹಿಂದೆ ಇನ್ನೊಂದು ಸಾಲು ಶೀಟು ಹಾಕಿಸಿಕೊಡಿ ಅಂತ ಈ ವಾರ ಬರೆದು ಕೊಟ್ಟಿದ್ದೇನೆ.