ದೇವರು ಸುಮ್ಮನಿದ್ದರೂ ಯಾಕ ಕೇಳ್ತೀರಿ?

ಬೀದರ್‌ನಲ್ಲಿ ನಮ್ಮ ಹೆಂಗಸರ ಪ್ರಾರ್ಥನಾ ಕೂಟ ಮುಗಿದು ಚಹಾ ಕುಡಿಯುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾ, ತಮ್ಮನ ಕುಡಿತ ಬಿಡಿಸಪ್ಪಾ ಅಂತ ಇಷ್ಟು ವರ್ಷ ಬೇಡ್ಕೋತ ಬಂದೀರಿ. ದೇವರು ಏನೂ ಅಂದಿಲ್ಲ. ಮತ್ತ ಯಾಕ ಕೇಳ್ತೀರಿ?"

ಕೇಳುವವರ ಮನಸ್ಸಿನಲ್ಲೂ ಒಂದು ಸಂಕಟ ಇರುತ್ತದೆ. ಒಬ್ಬರ ಮಗಳಿಗೆ ಮಕ್ಕಳಾಗಿಲ್ಲ, ಇನ್ನೊಬ್ಬರ ಮಗ ಹೈದರಾಬಾದಿಗೆ ಹೋದವನು ಫೋನ್ ಎತ್ತುವುದಿಲ್ಲ. ಅಂಥವರಿಗೆ "ನಿನ್ನ ವಿಶ್ವಾಸ ಕಮ್ಮಿ" ಅನ್ನುವುದನ್ನು ನಾನು ಸಹಿಸುವುದಿಲ್ಲ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನ ವಿಶ್ವಾಸ ಕಮ್ಮಿಯಿತ್ತೇ? ಶರೀರದಲ್ಲಿ ಶೂಲದಂತೆ ನಾಟಿದ ಬಾಧೆ ತೆಗೆ ಎಂದು ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಬಂತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೂರು ಸಲ ಪ್ರಾರ್ಥಿಸಿದರೂ ಆ ಸಂಕಟದ ಪಾತ್ರೆ ತಪ್ಪಲಿಲ್ಲ.

ನಮ್ಮವ್ವ ಜೋಳದ ರೊಟ್ಟಿ ಬಡಿಯುತ್ತಲೇ ಪ್ರಾರ್ಥನೆ ಮಾಡುವವಳು. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, "ಯೇಸಪ್ಪಾ, ನನ್ನ ಮಗ ಹಾಳಾಗ್ಲತ್ತಾನ, ನಿನಗ ಕಾಣ್ಲತ್ತಿಲ್ಲೇನು?" ಎಂದು ಜೋರಾಗಿಯೇ ಕೇಳುತ್ತಾಳೆ. ದೇವರ ಜೊತೆ ಹೀಗೆ ಮಾತಾಡಬಾರದು ಎಂದು ಹಿರಿಯರೊಬ್ಬರು ಗದರಿಸಿದರು. ನನಗೆ ಅವ್ವನೇ ಸರಿ ಅನಿಸಿತು. ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 13ನೆಯದರ ಮೊದಲ ಎರಡೇ ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೆಯದನ್ನು ನೋಡಿ. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಇದನ್ನು ಯಾರೂ ತೆಗೆದುಹಾಕಲಿಲ್ಲ, 150 ಕೀರ್ತನೆಗಳ ನಡುವೆ ಉಳಿಸಿಕೊಂಡರು. ಅಷ್ಟು ಕತ್ತಲೆಯಲ್ಲೂ ಅದನ್ನು ಹಾಡಿದವನು ಮೊದಲು ಕರೆಯುವುದು "ನನ್ನನ್ನು ರಕ್ಷಿಸುವ ದೇವರೇ" ಎಂದೇ. ದೂರು ಹೇಳುವುದೂ ಪ್ರಾರ್ಥನೆಯೇ ಎಂದು ನಾನು ಧೈರ್ಯವಾಗಿ ಹೇಳುವುದು ಇದೇ ಕಾರಣಕ್ಕೆ.

ಲೂಕನ ಸುವಾರ್ತೆ 18ರಲ್ಲಿ ನ್ಯಾಯಕ್ಕಾಗಿ ನ್ಯಾಯಾಧಿಪತಿಯನ್ನು ಬಿಡದೆ ಕಾಡಿದ ವಿಧವೆಯ ಕಥೆ ಇದೆ. ಅದನ್ನು ಹೇಳಿ, ಕಾಡಿದರೆ ದೇವರು ಕೊಡುತ್ತಾನೆ ಅನ್ನುವವರಿದ್ದಾರೆ. ಕಾಟ ತಾಳದೆ ನ್ಯಾಯ ಕೊಟ್ಟವನು ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ನ್ಯಾಯಾಧಿಪತಿ. ದೇವರು ಅಂಥವನಲ್ಲ; ಬೇಸರಗೊಳ್ಳದೆ ಯಾವಾಗಲೂ ಪ್ರಾರ್ಥಿಸಬೇಕು ಎಂದು ತಿಳಿಸಲಿಕ್ಕೆ ಯೇಸು ಆ ಕಥೆ ಹೇಳಿದ್ದು. ಅಂಥವನ ಬಾಗಿಲನ್ನೇ ಆಕೆ ಬಿಡಲಿಲ್ಲ, ತಂದೆ ಎಂದು ಕರೆದವನ ಬಾಗಿಲನ್ನು ನಾನು ಯಾಕೆ ಬಿಡಲಿ?

ತಮ್ಮನನ್ನು ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದೇವೆ, ಮುಂದೆಯೂ ಹೋಗುತ್ತೇವೆ. ಮಾತ್ರೆ ಇದ್ದರೆ ಪ್ರಾರ್ಥನೆ ಬೇಡ, ಪ್ರಾರ್ಥನೆ ಇದ್ದರೆ ಮಾತ್ರೆ ಬೇಡ ಎಂಬ ಹಟ ನಮ್ಮಲ್ಲಿಲ್ಲ. ದೇವರು ಯಾಕೆ ಸುಮ್ಮನಿದ್ದಾನೋ ನನಗೆ ಗೊತ್ತಿಲ್ಲ. ಆದರೆ ತಮ್ಮನ ಹೆಸರು ಹೇಳಿ ಬೇಡುವುದನ್ನು ಬಿಟ್ಟ ದಿನ, ಅವನು ಇನ್ನು ಸರಿಹೋಗುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟಂತೆ. ಆ ತೀರ್ಪು ಕೊಡಲು ನಾನು ತಯಾರಿಲ್ಲ.

ನಿಮಗೆ ಬಾಯಿಂದ ಮಾತೇ ಬರದಷ್ಟು ಸಾಕಾಗಿದ್ದರೆ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದೂ ಆಗದಿದ್ದರೆ ಕೂಟಕ್ಕೆ ಬಂದು ಸುಮ್ಮನೆ ಕೂತುಕೊಳ್ಳಿ. ಹೆಸರೊಂದು ಹೇಳಿದರೆ ಸಾಕು, ನಿಮ್ಮ ಪರವಾಗಿ ನಾವು ಕೇಳುತ್ತೇವೆ.