ರೊಟ್ಟಿ ಉಣ್ಣೋರಿಗೆ ಒಂದು ದಪ್ಪ ಹಿಡಿಕೆಯ ಚಮಚ

ಕೈಯಲ್ಲಿ ಹಿಡಿತ ಇಲ್ಲದವರಿಗೆ ಅಂತ ಆನ್‌ಲೈನ್‌ನಲ್ಲಿ ಸಿಗುವ ಸಾಮಾನು ಜಾಸ್ತಿ ಇರೋದು ಫೋರ್ಕು, ಚಾಕು ಹಿಡಿದು ಉಣ್ಣುವವರಿಗೆ. ನಮ್ಮ ವಿಜಯಪುರದ ಕಡೆ ಊಟ ಅಂದರೆ ಜೋಳದ ರೊಟ್ಟಿ. ಲಕ್ವಾ (ಪಾರ್ಶ್ವವಾಯು) ಹೊಡೆದು ಒಂದು ಕೈ ಸೋತವರಿಗೆ ಮೊದಲ ಕಷ್ಟ ರೊಟ್ಟಿ ಮುರಿಯೋದೇ. ನಮ್ಮ ಅಪ್ಪನಿಗೆ ಬಲಗೈ ಬೆರಳು ಅರ್ಧ ಮಡಚುತ್ತವೆ, ಪೂರ್ತಿ ಮುಚ್ಚೋದಿಲ್ಲ. ಹಾಗಂತ ಎಡಗೈಯಲ್ಲಿ ಉಣ್ಣಿ ಅಂದರೆ, “ಎಡಗೈಲೆ ಉಣ್ಣು ಅಂತೀಯೇನಪಾ?” ಅಂತ ತಾಟು ಸರಿಸಿಬಿಡುತ್ತಾರೆ. ಅದರ ಮೇಲೆ ವಾದ ಮಾಡಬೇಡಿ, ಗೆಲ್ಲೋದಿಲ್ಲ.

ಆದ್ದರಿಂದ ಮೊದಲು ಅಡುಗೆ ಬದಲಿಸಿದೆವು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿದ ಮುಟಗಿ, ಮಜ್ಜಿಗೆ ಹಾಕಿದ ನುಚ್ಚು, ಸಾರಿನಲ್ಲಿ ನೆನೆಸಿದ ರೊಟ್ಟಿ, ಇವೆಲ್ಲ ಚಮಚಕ್ಕೆ ಬರುತ್ತವೆ.

ಇನ್ನು ಚಮಚ. ತೆಳು ಹಿಡಿಕೆಗೆ ಬೆರಳು ಪೂರ್ತಿ ಮುಚ್ಚಬೇಕು, ದಪ್ಪ ಹಿಡಿಕೆಗೆ ಅರ್ಧ ಮುಚ್ಚಿದರೂ ಸಾಕು. ಗುಟ್ಟು ಇಷ್ಟೇ. ಎಸಿ ರಿಪೇರಿಯವರು ತಾಮ್ರದ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಇರುತ್ತದಲ್ವಾ, ಅದರ ಒಂದು ಗೇಣು ತುಂಡು ಕೇಳಿ ತಂದು ಚಮಚದ ಹಿಡಿಕೆಗೆ ತೂರಿಸಿ, ಸಡಿಲ ಆದರೆ ಒಳಗೆ ಬಟ್ಟೆ ತುರುಕಿ. ಸೈಕಲ್ ಅಂಗಡಿಯ ಹ್ಯಾಂಡಲ್ ಗ್ರಿಪ್ಪೂ ಆಗುತ್ತದೆ, ಆದರೆ ಸ್ವಲ್ಪ ಭಾರ. ಫೋಮನ್ನು ದಿನಾ ಬಿಚ್ಚಿ ತೊಳೆದು ಒಣಗಿಸಲೇಬೇಕು, ಇಲ್ಲದಿದ್ದರೆ ವಾಸನೆ ಬರುತ್ತದೆ. ಅಂಟು ಹಾಕಬೇಡಿ.

ಮಣಿಕಟ್ಟು ತಿರುಗದಿದ್ದರೆ ಚಮಚದ ಕುತ್ತಿಗೆಯನ್ನೇ ಬಾಯಿಯ ಕಡೆಗೆ ಬಗ್ಗಿಸಬೇಕು. ಬಲಗೈಗೆ ಎಡಕ್ಕೆ, ಎಡಗೈಗೆ ಬಲಕ್ಕೆ. ತೆಳು ಸ್ಟೀಲ್ ಚಮಚ ತಗೊಳ್ಳಿ, ಬಟ್ಟೆ ಸುತ್ತಿ ಇಕ್ಕಳದಿಂದ ಮೆಲ್ಲಗೆ ಒತ್ತಿ.

ಬೆರಳು ಮುಚ್ಚೋದೇ ಇಲ್ಲ ಅನ್ನುವವರಿಗೆ ಅಂಗೈ ಸುತ್ತ ಒಂದು ಪಟ್ಟಿ. ಚೀಲ ಹೊಲಿಯುವವರ ಹತ್ತಿರ ಕ್ಯಾನ್ವಾಸ್ ಪಟ್ಟಿಗೆ ವೆಲ್ಕ್ರೋ ಹಚ್ಚಿಸಿ, ಅಂಗೈ ಬದಿಗೆ ಹಿಡಿಕೆ ತೂರುವಷ್ಟು ಜೇಬು ಹೊಲಿಸಬೇಕು. ಬಿಗಿ ಬೇಡ. ಸ್ಪರ್ಶ ಹೋದ ಕೈಗೆ ಗಾಯ ಆದರೂ ಅವರಿಗೆ ಗೊತ್ತಾಗೋದಿಲ್ಲ, ಬಿಚ್ಚಿದ ಮೇಲೆ ಕೆಂಪಾಗಿದೆಯಾ ಅಂತ ನೀವೇ ನೋಡಿ.

ತಾಟಿಗೆ ಮಾತ್ರ ದುಡ್ಡು ಹಾಕಬೇಡಿ. ಅಂಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ತಡೆ ಅಂತ ಮಾರುತ್ತಾರೆ. ನಮ್ಮ ಮನೆಗಳ ಅಟ್ಟದ ಮೇಲಿರುವ ಗಂಗಾಳ ಅನ್ನುವ ಹಳೆ ತಾಟಿಗೆ ಆ ಎತ್ತರದ ಅಂಚು ಮೊದಲೇ ಇದೆ, ಅದಕ್ಕೆ ಒತ್ತಿದರೆ ತುತ್ತು ತಾನೇ ಚಮಚಕ್ಕೆ ಏರುತ್ತದೆ. ಕೆಳಗೆ ಹಿಂಡಿದ ಒದ್ದೆ ಬಟ್ಟೆ ಹಾಕಿ, ಜಾರೋದಿಲ್ಲ.

ಲಕ್ವಾ ಆದವರಲ್ಲಿ ಕೆಲವರಿಗೆ ನುಂಗೋದೂ ಕಷ್ಟ ಇರುತ್ತದೆ. ಉಣ್ಣುವಾಗ ಕೆಮ್ಮು ಬರುತ್ತಿದ್ದರೆ ಚಮಚ ಬದಿಗಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ಮಲಗಿದಲ್ಲೇ ಉಣಿಸಬೇಡಿ, ನೆಟ್ಟಗೆ ಕೂರಿಸಿ.