ಗುಜರಿ ಫ್ರೇಮು, ನಾಲೆ ಏರಿ: ಒಂದು ಗ್ರಾವೆಲ್ ಸೈಕಲ್ಲಿನ ಹನ್ನೊಂದು ವಾರ

ಮೊದಲ ವಾರ

ಮಂಡ್ಯದ ಸುತ್ತ ಸೈಕಲ್ ತುಳಿಯುವವರಿಗೆ ಹೆದ್ದಾರಿಗಿಂತ ವಿಶ್ವೇಶ್ವರಯ್ಯ ನಾಲೆಯ ಏರಿ ಹಿತವಾದ ದಾರಿ. ಆದರೆ ಆ ಏರಿಯ ಮೇಲೆ ಒಂದಷ್ಟು ದೂರ ಡಾಂಬರು, ಆಮೇಲೆ ಗರಸು, ಅದರಾಚೆ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದುಹಾಕಿದ ಮಣ್ಣು, ನಡುನಡುವೆ ಯಾರೋ ಸುರಿದು ಮರೆತುಹೋದ ಜಲ್ಲಿ ಎದುರಾಗುತ್ತವೆ. ತಮ್ಮನ ರೋಡ್ ಸೈಕಲ್ಲಿನ 25 ಎಂ.ಎಂ. ಟೈರು ಅಲ್ಲಿ ಎರಡು ಕಿಲೋಮೀಟರು ತಾಳಲಿಲ್ಲ. ಅಂಗಡಿಗಳಲ್ಲಿ, ಇಂಥ ಕಚ್ಚಾ ದಾರಿಗೆಂದೇ ಮಾಡಿದ ಬಾಗಿದ ಹ್ಯಾಂಡಲ್ಲಿನ ಗ್ರಾವೆಲ್ ಬೈಕು ಹೊಸದಾದರೆ ಎಷ್ಟೆಂದು ಬೆಲೆ ವಿಚಾರಿಸಿದ ಮೇಲೆ, ಎಲ್ಲ ಸೇರಿ 15,000 ರೂಪಾಯಿಯೊಳಗೆ ನಾನೇ ಒಂದನ್ನು ಜೋಡಿಸಬೇಕೆಂದು ನಿರ್ಧರಿಸಿದೆ.

ಫ್ರೇಮು ಸಿಕ್ಕಿದ್ದು ಮೈಸೂರಿನ ಒಂದು ಗುಜರಿ ಅಂಗಡಿಯಲ್ಲಿ. ಸಸ್ಪೆನ್ಶನ್ ಇಲ್ಲದ ಫೋರ್ಕಿನ ಹಳೆಯ ಎಂಟಿಬಿ, ಎಂದರೆ ಮೌಂಟನ್ ಬೈಕು. ಚಕ್ರಗಳಿದ್ದವು, ಸೀಟು ಇರಲಿಲ್ಲ. ಮಾಲೀಕ ಮೊದಲು ತೂಕದ ಲೆಕ್ಕದಲ್ಲಿ ಕೊಡಲು ಹೊರಟಿದ್ದ. ನಾನು ಜೇಬಿನಿಂದ ಅಯಸ್ಕಾಂತ ತೆಗೆದು ಕೊಳವೆಗಳಿಗೆ ಅಂಟಿಸಿ ನೋಡಿದ್ದನ್ನೂ, ಸ್ಕೇಲಿನಿಂದ ಹಿಂದಿನ ಫೋರ್ಕಿನ ಅಗಲ ಅಳೆದದ್ದನ್ನೂ ಕಂಡು ಬೆಲೆಯನ್ನು 1,800ಕ್ಕೆ ಏರಿಸಿದ. ಅಯಸ್ಕಾಂತ ಹಿಡಿದಿದ್ದರಿಂದ ಅದು ಸ್ಟೀಲೆಂಬುದು ಖಚಿತವಾಯಿತು. ಹಿಂಬದಿಯ ಅಳತೆ 135 ಎಂ.ಎಂ. ಬಂದಿದ್ದರಿಂದ ಎಂಟಿಬಿ ಹಬ್ಬು (ಚಕ್ರದ ನಡುವಣ ಭಾಗ) ಕೂರುತ್ತದೆಂದೂ ತಿಳಿಯಿತು. ಆ ಎರಡು ಸಂಗತಿಗಳಿಗೆ ಅಷ್ಟು ಹಣ ದುಬಾರಿಯಲ್ಲವೆನಿಸಿ ಕೊಟ್ಟು ಬಂದೆ. ಬಣ್ಣ ಬಳಿಸುವ ಯೋಚನೆಯನ್ನು ಅಂದೇ ಕೈಬಿಟ್ಟೆ. ತುಕ್ಕು ಹಿಡಿದ ಕಡೆ ಉಪ್ಪುಕಾಗದ ಉಜ್ಜಿ ಪ್ರೈಮರ್ ಹಚ್ಚಿದ್ದೇ ಇದರ ಶೃಂಗಾರ.

ಮೂರನೆಯ ವಾರ

ಪೆಡಲ್ಲು ಕೂರುವ ಕ್ರ್ಯಾಂಕು ತಿರುಗಿಸಿದರೆ ಒಳಗೆ ಮರಳು ಅರೆದಂತೆ ಸದ್ದಾಗುತ್ತಿತ್ತು. ಕ್ರ್ಯಾಂಕಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ಟಿನ ಎಡಗಡೆಯ ಕಪ್ಪು (ಬೇರಿಂಗಿನ ಬಟ್ಟಲು) ಸುಲಭವಾಗಿ ಬಂತು, ಬಲಗಡೆಯದು ಅಲ್ಲಾಡಲಿಲ್ಲ. ಎರಡು ರಾತ್ರಿ ಎಣ್ಣೆ ಬಿಟ್ಟು ನೆನೆಸಿ, ಪಾನಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ತೂಗಿದೆ. ಮೂರನೆಯ ದಿನ ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರ ಬಳಿಗೆ ಒಯ್ದಾಗ, ಅವರು ಬೀಡಿ ಕೆಳಗಿಟ್ಟು, "ಬಿಚ್ಚುತೀನಿ ಅಂತ ಬಿಗೀತಾ ಕೂತಿದ್ದೀಯಲ್ಲಪ್ಪ, ಅದು ಲೆಫ್ಟ್ ಥ್ರೆಡ್ಡು" ಎಂದರು. ಈ ಬಗೆಯ ಫ್ರೇಮುಗಳಲ್ಲಿ, ತುಳಿಯುವಾಗ ಕಪ್ಪು ತಾನಾಗಿ ಸಡಿಲವಾಗದಿರಲೆಂದು ಚೈನಿನ ಬದಿಯ ಥ್ರೆಡ್ಡನ್ನು ಉಲ್ಟಾ ಕೊರೆದಿರುತ್ತಾರೆ. ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ಸುತ್ತುವ ಕಡೆಗೇ ತಿರುಗಿಸಬೇಕು. ಇದನ್ನು ನಾನು ಓದಿದ್ದೆ, ಆದರೆ ಪೈಪು ಕೈಗೆ ಬಂದಾಗ ಓದಿದ್ದು ನೆನಪಾಗಲಿಲ್ಲ. ಹಿರಿಯರು ನನ್ನದೇ ಪೈಪಿನಿಂದ ಒಂದೇ ಎಳೆತಕ್ಕೆ ಬಿಚ್ಚಿ ಕೊಟ್ಟು ಹಣ ಬೇಡವೆಂದರು. ಹಳೆಯದರ ಜಾಗಕ್ಕೆ 600 ರೂಪಾಯಿಯ ಬೇರಿಂಗನ್ನು ಒಳಗೇ ಸೀಲ್ ಮಾಡಿದ ಕಾರ್ಟ್ರಿಜ್ ಬಂತು.

ನಾಲ್ಕನೆಯ ವಾರ

ಈಚಿನ ಗ್ರಾವೆಲ್ ಬೈಕುಗಳಲ್ಲಿ ಹೆಚ್ಚಾಗಿ ಕಾಣುವುದು 700ಸಿ ಚಕ್ರ. ಅದನ್ನೇ ಹಾಕುವ ಆಸೆ ನನಗೂ ಇತ್ತು, ಲೆಕ್ಕ ಒಪ್ಪಲಿಲ್ಲ. 700ಸಿ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 622 ಎಂ.ಎಂ., 26 ಇಂಚಿನ ಎಂಟಿಬಿ ರಿಮ್ಮಿನಲ್ಲಿ 559 ಎಂ.ಎಂ. ಅರ್ಧ ವ್ಯತ್ಯಾಸ, ಎಂದರೆ 31.5 ಎಂ.ಎಂ.ನಷ್ಟು, ರಿಮ್ಮು ಮೇಲಕ್ಕೆ ಹೋಗುತ್ತದೆ. ಫ್ರೇಮಿಗೆ ಬೆಸೆದಿರುವ ಬ್ರೇಕಿನ ಗೂಟಗಳು ಇದ್ದಲ್ಲೇ ಇರುವುದರಿಂದ ಬ್ರೇಕಿನ ರಬ್ಬರು ರಿಮ್ಮನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಬಂದ ಚಕ್ರಗಳನ್ನೇ ಉಳಿಸಿಕೊಂಡು, ಬೆಂಡು ತೆಗೆಸಿ, ಹಿಂದಿನ ಹಬ್ಬಿಗೆ ಹೊಸ ಆಕ್ಸಲ್ಲು ಹಾಕಿಸಿದೆ. ಹಳೆಯ ಆಕ್ಸಲ್ಲು ಸ್ವಲ್ಪ ಬಾಗಿತ್ತು. ಫ್ರೀವೀಲನ್ನು (ಹಿಂದಿನ ಹಲ್ಲುಚಕ್ರಗಳ ಗೊಂಚಲು) ತಿರುಪಿ ಕೂರಿಸುವ ಹಬ್ಬುಗಳಲ್ಲಿ ಬಲಗಡೆಯ ಬೇರಿಂಗು ಒಳಗೆ ಸರಿದಿದ್ದು, ಆಕ್ಸಲ್ಲಿನ ಒಂದು ತುದಿ ಆಸರೆಯಿಲ್ಲದೆ ಭಾರ ಹೊರುವುದರಿಂದ ಇದು ಆಗಾಗ ಆಗುವಂಥದ್ದೇ.

ಈ ವಾರದ ದಂಡ 380 ರೂಪಾಯಿ. 26×1.5 ಟೈರು ಬೇಕೆಂದು ಕೇಳಿದೆ. ಅಂಗಡಿಯ ಹುಡುಗ 26×1½ ಎಂದು ಬರೆದದ್ದನ್ನು ಕೊಟ್ಟ. ಗಣಿತದಲ್ಲಿ ಎರಡೂ ಒಂದೇ ಎಂದು ನಾನೂ ತಂದೆ. ರಿಮ್ಮಿನ ಮೇಲೆ ಅದು ಬಳೆಯ ಹಾಗೆ ಸಡಿಲವಾಗಿ ಜಾರಾಡಿತು. ದಶಮಾಂಶದಲ್ಲಿ ಬರೆದ 1.5ರ ಟೈರು 559 ಎಂ.ಎಂ. ರಿಮ್ಮಿಗೆ, ಭಿನ್ನರಾಶಿಯಲ್ಲಿ ಬರೆದ 1½ರ ಟೈರು 584 ಎಂ.ಎಂ. ರಿಮ್ಮಿಗೆ. ಶಾಲೆಯ ಮೇಷ್ಟರು ಒಪ್ಪದ ಈ ಲೆಕ್ಕವನ್ನು ಟೈರಿನ ಬದಿಯಲ್ಲಿ ಚಿಕ್ಕ ಅಕ್ಷರದಲ್ಲಿರುವ ಸಂಖ್ಯೆಯೊಂದೇ ಬಿಡಿಸುತ್ತದೆ: ನನಗೆ ಬೇಕಿದ್ದುದು 40-559, ಎಂದರೆ ಅಗಲ 40, ವ್ಯಾಸ 559 ಎಂ.ಎಂ. ಎರಡನೆಯ ಸಲ ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ, ನಡುವೆ ನಯವಾಗಿಯೂ ಅಂಚಿನಲ್ಲಿ ಗುಬಟಾಗಿಯೂ ಇರುವ ಜೋಡಿಯೊಂದನ್ನು 1,700ಕ್ಕೆ ತಂದೆ. ಏರಿಯ ಬದಿಯಲ್ಲಿ ಜಾಲಿ ಮರಗಳು ಸಾಕಷ್ಟಿರುವುದರಿಂದ, ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಹಾಸಿದ್ದೇನೆ. ತೂಕ ಹೆಚ್ಚುತ್ತದೆ, ಮುಳ್ಳು ತಡೆಯುತ್ತದೆ.

ಆರನೆಯ ವಾರ

ಈ ವಾರದ ಕೆಲಸಕ್ಕೆ ಹಣಕ್ಕಿಂತ ಹೆಚ್ಚು ತಲೆ ಖರ್ಚಾಯಿತು. ಸೈಕಲ್ ಬದಲಿಸಿದ ಪರಿಚಯದವರೊಬ್ಬರಿಂದ ಶಿಮಾನೊ ಕ್ಲಾರಿಸ್ 8 ಸ್ಪೀಡಿನ ಲಿವರುಗಳ ಜೋಡಿಯನ್ನು 3,500ಕ್ಕೆ ಕೊಂಡಿದ್ದೆ. ಬ್ರೇಕೂ ಗೇರೂ ಒಂದರಲ್ಲೇ ಇರುವಂಥವು. ಬಾಗಿದ ಹ್ಯಾಂಡಲ್ಲಿಗೆ ಅವನ್ನು ಕಟ್ಟಿ, ಫ್ರೇಮಿನಲ್ಲೇ ಇದ್ದ, ಎರಡು ತೋಳುಗಳಿಂದ ರಿಮ್ಮನ್ನು ಅದುಮುವ ವಿ-ಬ್ರೇಕಿಗೆ ಕೇಬಲ್ ಎಳೆದು ಒತ್ತಿದರೆ, ಲಿವರು ಹ್ಯಾಂಡಲ್ಲಿಗೆ ತಾಗುವವರೆಗೆ ಬಂದರೂ ಚಕ್ರವನ್ನು ಕೈಯಿಂದ ತಿರುಗಿಸಬಹುದಾಗಿತ್ತು. ಕೆಟ್ಟಿದ್ದೇನೂ ಇರಲಿಲ್ಲ, ಎರಡರ ಜೋಡಿ ಕೂಡಿರಲಿಲ್ಲ ಅಷ್ಟೆ. ವಿ-ಬ್ರೇಕಿನ ತೋಳು ಉದ್ದ, ನನ್ನವು ಅಳತೆಗೆ 107 ಎಂ.ಎಂ. ಬಂದವು; ತೋಳು ಉದ್ದವಾದಷ್ಟೂ ರಬ್ಬರನ್ನು ರಿಮ್ಮಿಗೆ ಮುಟ್ಟಿಸಲು ಹೆಚ್ಚು ಕೇಬಲ್ ಎಳೆಯಬೇಕು. ನೇರ ಹ್ಯಾಂಡಲ್ಲಿನ ಲಿವರು ಅಷ್ಟನ್ನು ಎಳೆಯುತ್ತದೆ, ನನ್ನದರಂಥ ರೋಡ್ ಸೈಕಲ್ಲಿನ ಲಿವರು ಎಳೆಯುವುದಿಲ್ಲ.

ರಬ್ಬರನ್ನು ರಿಮ್ಮಿಗೆ ಅಂಟುವಷ್ಟು ಹತ್ತಿರ ಕೂರಿಸಿ ಸುಧಾರಿಸಬಹುದೆಂದು ಕೆಲವರು ಹೇಳುತ್ತಾರೆ. ಗರಸಿನ ಮೇಲೆ ಚಕ್ರ ಒಂದು ಕೂದಲೆಳೆ ಬೆಂಡಾದರೂ ಆಗ ಬ್ರೇಕು ಸದಾ ಉಜ್ಜುತ್ತಿರುತ್ತದೆ. ತಡೆಗೋಡೆಯಿಲ್ಲದ ಏರಿಯ ಮೇಲೆ, ಒಂದು ಕಡೆ ಹರಿಯುವ ನೀರಿರುವಾಗ, ಸುಧಾರಿಸಿದ ಬ್ರೇಕನ್ನು ನಂಬಿ ನಾನು ಹೋಗಲಾರೆ. 90 ಎಂ.ಎಂ. ತೋಳಿನ ಮಿನಿ ವಿ-ಬ್ರೇಕುಗಳಿಗೆ 1,300 ರೂಪಾಯಿ ಕೊಟ್ಟೆ, ಕೊಟ್ಟದ್ದಕ್ಕೆ ಬೇಸರವಿಲ್ಲ. ತೋಳು ಗಿಡ್ಡವಾದ್ದರಿಂದ ಈಗ ಲಿವರು ಅರ್ಧ ದಾರಿಯಲ್ಲೇ ಗಟ್ಟಿಯಾಗುತ್ತದೆ. ಬದಲಿಗೆ ಕಳೆದುಕೊಂಡದ್ದು ಜಾಗ: ಮೇಲೆ ಬಾಗಿ ಬರುವ ಕೇಬಲಿನ ಕೊಳವೆಗೂ ಟೈರಿಗೂ ನಡುವೆ ಕಿರುಬೆರಳು ತೂರುವುದಿಲ್ಲ. 1.5ಕ್ಕಿಂತ ದಪ್ಪ ಟೈರಿನ ಆಸೆ ಅಲ್ಲಿಗೆ ಮುಗಿಯಿತು.

ಬಾಗಿದ ಹ್ಯಾಂಡಲ್ಲಿನಲ್ಲಿ ಕೈ ಹಿಡಿಯುವ ಜಾಗ ಮುಂದಕ್ಕೆ ಹೋಗುವುದರಿಂದ ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮನ್ನು 110ರಿಂದ 60 ಎಂ.ಎಂ.ಗೆ ಇಳಿಸಿದೆ. ಬೆನ್ನು ಒಪ್ಪಿಕೊಂಡಿದೆ.

ಎಂಟನೆಯ ವಾರ

ಮುಂದೆ 38 ಹಲ್ಲಿನ ಒಂದೇ ಚಕ್ರ, ಹಿಂದೆ 450 ರೂಪಾಯಿಯ 7 ಸ್ಪೀಡಿನ, 14ರಿಂದ 34 ಹಲ್ಲಿನವರೆಗಿನ ಫ್ರೀವೀಲ್. ಲಿವರು 8 ಸ್ಪೀಡಿನದು, ಫ್ರೀವೀಲ್ 7ರದು, ಹೊಂದುವುದು ಹೇಗೆಂದು ಸೈಕಲ್ ಶಾಪಿನಲ್ಲಿ ಎಲ್ಲರೂ ಕೇಳಿದರು. 8 ಸ್ಪೀಡಿನಲ್ಲಿ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಇರುವ ಅಂತರ 4.8 ಎಂ.ಎಂ., 7ರಲ್ಲಿ 5 ಎಂ.ಎಂ. ನಡುವಿನ ನಾಲ್ಕನೆಯ ಗೇರಿಗೆ ಸರಿಯಾಗಿ ಹೊಂದಿಸಿದರೆ, ಮೂರು ಹೆಜ್ಜೆ ದೂರದ ಎರಡೂ ಕೊನೆಗಳಲ್ಲಿ ಬರುವ ತಪ್ಪು 0.6 ಎಂ.ಎಂ. ಮಾತ್ರ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಳೆಯ ಡಿರೇಲರು ಅಷ್ಟನ್ನು ನುಂಗಿಕೊಳ್ಳುತ್ತದೆ. ಮಿಕ್ಕ ಒಂದು ಕ್ಲಿಕ್ಕನ್ನು ಅದರ ಮಿತಿಯ ಸ್ಕ್ರೂ ತಡೆಯುತ್ತದೆ. ಎಡ ಲಿವರಿನ ಗೇರಿನ ಭಾಗಕ್ಕೆ ಕೆಲಸವಿಲ್ಲ. ಮಾರಿದವರು ಜೋಡಿಯಾಗಿಯೇ ಕೊಡುತ್ತೇನೆಂದಿದ್ದರಿಂದ ಅದು ಬ್ರೇಕಿಗಷ್ಟೇ ಉಳಿದಿದೆ.

ಈ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರು ಸಾಗುತ್ತದೆ. ಅತಿ ಹಗುರವಾದ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ., ಅತಿ ಭಾರದ್ದರಲ್ಲಿ 90 ಸುತ್ತಿಗೆ 29 ಕಿ.ಮೀ. ಹೆದ್ದಾರಿಯಲ್ಲಿ ಇದು ನಗೆಪಾಟಲು, ಏರಿಯ ಮೇಲೆ ಸಾಕು. ಸಹಿಸಬೇಕಾದ ದೋಷವೆಂದರೆ ಫ್ರೀವೀಲಿನಲ್ಲಿ 24ರಿಂದ ಒಮ್ಮೆಗೇ 34ಕ್ಕೆ ಹಾರುವ ಜಾಗ. ಅಲ್ಲಿ ಕಾಲು ಮೆಟ್ಟಿಲು ತಪ್ಪಿದಂತಾಗುತ್ತದೆ.

ಹನ್ನೊಂದನೆಯ ವಾರ

ಭಾನುವಾರ ಬೆಳಗ್ಗೆ ಆರಕ್ಕೆ ಹೊರಟು ಏರಿಯ ಮೇಲೆ 46 ಕಿ.ಮೀ. ತಿರುಗಿ ಬಂದೆ. ಪಂಕ್ಚರ್ ಆಗಲಿಲ್ಲ. ಮುಂದಿನ ಟೈರಿನಿಂದ ಮೂರು ಜಾಲಿ ಮುಳ್ಳುಗಳನ್ನು ಕಿತ್ತೆ, ಮೂರೂ ಒಳಗಿನ ಹಾಸಿನಲ್ಲೇ ನಿಂತಿದ್ದವು. ಜಲ್ಲಿ ಸುರಿದ ಕಡೆ ಚೈನು ಎರಡು ಸಲ ಕಳಚಿತು. ಡಿರೇಲರಿನ ಸ್ಪ್ರಿಂಗು ಹಳೆಯದು, ಚೈನು ಎರಡು ಕೊಂಡಿ ಉದ್ದ ಎಂದು ನನ್ನ ಊಹೆ. ದಪ್ಪ ಟೈರಿದ್ದ ಫ್ರೇಮಿಗೆ ಸಣ್ಣ ಟೈರು ಹಾಕಿ ಸೈಕಲ್ಲು ತಗ್ಗಾಗಿರುವುದರಿಂದ, ಟ್ರ್ಯಾಕ್ಟರಿನ ಜಾಡಿನಲ್ಲಿ ಹೋಗುವಾಗ ಪೆಡಲ್ಲು ಜಾಡಿನ ಅಂಚಿಗೆ ತಾಗುತ್ತದೆ. ಅಂಥಲ್ಲಿ ತುಳಿಯದೆ ಪೆಡಲನ್ನು ಸಮಮಟ್ಟದಲ್ಲಿಟ್ಟು ಸಾಗಬೇಕು.

ಹಿಂತಿರುಗುವಾಗ ಹತ್ತು ನಿಮಿಷ ಮಳೆ ಹುಯ್ದಿತು. ಬ್ರೇಕಿನ ಕೊಳವೆಯ ಕೆಳಗಿನ ಆ ಸಣ್ಣ ಸಂದಿನಲ್ಲಿ ಜೇಡಿ ತುಂಬಿ ಹಿಂದಿನ ಚಕ್ರ ನಿಂತೇಹೋಯಿತು. ಏರಿಯ ಮೇಲೆ ಕುಳಿತು ಕಬ್ಬಿನ ಸಿಬುರಿನಿಂದ ಕೆರೆದು ತೆಗೆದು, ಮತ್ತೆ ಅರ್ಧ ಕಿಲೋಮೀಟರಿಗೆ ಕೆರೆದೆ. ಈವರೆಗಿನ ಖರ್ಚು ದಂಡವೂ ಸೇರಿ 13,430. ಉಳಿದ 1,570ರಲ್ಲಿ ಹೊಸ ಡಿರೇಲರು ತರುವುದೋ, ಇಲ್ಲ ಹಿಂದಿನ ಚಕ್ರಕ್ಕೆ ಇನ್ನೂ ಸಪೂರ ಟೈರು ಹಾಕಿ ಕೆಸರಿಗೆ ದಾರಿ ಬಿಡುವುದೋ ಎಂಬುದನ್ನು ಮುಂಗಾರು ಪೂರಾ ಹಿಡಿಯುವ ಮೊದಲು ತೀರ್ಮಾನಿಸಬೇಕು. ಅಲ್ಲಿಯವರೆಗೆ ಸೀಟಿನ ಕೆಳಗೆ ಒಂದು ಬಿದಿರಿನ ಸೀಳು ಕಟ್ಟಿದ್ದೇನೆ.